ಆಟದ ಬಯಲಿನಲ್ಲಿ ಸೊನೆಲ್ ಮಾಮ

“ನಿಲ್ಲು! ಏ ಹುಡುಗಿ, ಅಲ್ಲೇ ನಿಲ್ಲು!”

ಇಸ್ಮಾನಿ ಬೆಚ್ಚಿ ನಿಂತಳು. ಎರಡು ಕೈಯಲ್ಲೂ ಹಿಡಿದಿದ್ದ ಬಕೆಟ್ಟು ತುಳುಕಿ ನಾಲ್ಕು ಹನಿ ಅವಳ ಪಾದದ ಮೇಲೆ ಬಿತ್ತು. ಎದುರಿಗೇ ಕಾಲುವೆ. ಇನ್ನೊಂದು ಸ್ವಲ್ಪ ಮುಂದೆ ಹೋಗಿ ಬಗ್ಗಿದ್ದರೆ ಬಕೆಟ್ಟು ಖಾಲಿಯಾಗಿಬಿಡುತ್ತಿತ್ತು.

ಡೇರೆಗಳ ಹಿಂದಿನಿಂದ ಸೊನೆಲ್ ಓಡಿ ಬರುತ್ತಿದ್ದ. ಮೊಣಕಾಲಿನವರೆಗೆ ರಬ್ಬರ್ ಬೂಟು, ಮೈಮೇಲೆ ಪ್ಲಾಸ್ಟಿಕ್ ಏಪ್ರನ್, ಕೈಗೆ ದಪ್ಪ ಗ್ಲೌಸು. ಗದ್ದೆಗೆ ಔಷಧಿ ಹೊಡೆಯುವಂಥ ಪಂಪು ಅವನ ಬೆನ್ನಿನ ಮೇಲೆ ಕುಲುಕುತ್ತಿತ್ತು.

“ಕೆಳಗಿಡು ಮಗಾ. ಮೆಲ್ಲಗೆ. ಚೆಲ್ಲಬೇಡ.”

ಇಸ್ಮಾನಿ ಇಟ್ಟಳು.

“ಕೈ ಎಲ್ಲಿಗೂ ಮುಟ್ಟಿಸ್ಕೋಬೇಡ. ಬಾಯಿಗೂ ಬೇಡ, ಕಣ್ಣಿಗೂ ಬೇಡ. ಹಂಗೇ ಗೊಂಬೆ ಥರ ನಿಂತ್ಕೋ.”

ಅವನು ಮೊದಲು ಬಕೆಟ್ಟಿನೊಳಗೆ ಇಣುಕಿ, ನೀರು ಎಲ್ಲಿಯವರೆಗೆ ಇದೆ ಎಂದು ನೋಡಿಕೊಂಡು ಮುಚ್ಚಳ ಹಾಕಿದ. ಆಮೇಲೆ ಹನಿ ಬಿದ್ದ ಹುಲ್ಲಿಗೆ, ಅವಳು ನಡೆದು ಬಂದ ದಾರಿಗೆಲ್ಲ ಪಂಪಿನಿಂದ ಕ್ಲೋರಿನ್ ನೀರು ಹೊಡೆದ. ಅವಳನ್ನು ಬಿಳಿ ಡ್ರಮ್ಮಿನ ಹತ್ತಿರ ಕರೆದೊಯ್ದು, ನಲ್ಲಿ ಬಿಟ್ಟು, ಕೈಕಾಲು ತೊಳೆಸಿದ. ಉಗುರಿನ ಸಂದಿ ಸಹಿತ ಬಿಡಲಿಲ್ಲ.

“ಇದನ್ನ ಎತ್ಕೊಂಡು ಬಾ ಅಂತ ಯಾರು ಹೇಳಿದ್ದು ನಿಂಗೆ? ಅಜ್ಜೀನಾ?”

ಇಸ್ಮಾನಿ ತಲೆ ತಗ್ಗಿಸಿದಳು. ‘ಅವನು ಬರೋದ್ರೊಳಗೆ ಚೆಲ್ಲಿ ಬಾ’ ಎಂದು ಅಜ್ಜಿ ಹೇಳಿದ್ದು ನಿಜ. ಆದರೆ ‘ಅವನು’ ಎಂದರೆ ಇವನೇ. ಅದನ್ನು ಇವನ ಮುಂದೆ ಹೇಳುವುದು ಹೇಗೆ?

“ಹೋಗ್ಲಿ ಬಿಡು. ಈ ಕಾಲುವೆ ಎಲ್ಲಿಗೆ ಹೋಗ್ತದೆ, ಹೇಳು ನೋಡೋಣ.”

“ಫಬಿಯೋಲಳ ಮನೆ ಹಿಂದಕ್ಕೆ. ಅವರವ್ವ ಬಟ್ಟೆ ಒಗೆಯೋ ಕಲ್ಲಿದೆಯಲ್ಲ, ಅಲ್ಲಿಗೆ.”

“ಆಮೇಲೆ?”

“ಚರ್ಚ್ ಪಕ್ಕ. ಆಮೇಲೆ ಭತ್ತದ ಗದ್ದೆ.”

“ಆಮೇಲೆ?”

ಇಸ್ಮಾನಿ ಕಾಲುವೆ ಹರಿಯುವ ಕಡೆ ನೋಡಿದಳು. ಆಮೇಲೆ ಅವರ ಮನೆಯೇ. ಮಾವಿನ ಮರದ ಬುಡದಲ್ಲಿ ಅವ್ವ ದಿನವೂ ನೀರಿಗೆ ಬಕೆಟ್ಟು ಮುಳುಗಿಸುವ ಜಾಗ. ಅವ್ವನ ಸೊಂಟದ ಮೇಲೆ ಪುಟ್ಟ ತಮ್ಮ. ಅವನಿಗಿನ್ನೂ ಹಲ್ಲೇ ಬಂದಿಲ್ಲ.

“ನಮ್ಮ ಮನೆಗೆ,” ಎಂದಳು. ತುಸು ತಡೆದು, “ಈಗ ಅವ್ವ ನೀರು ಕುದಿಸ್ತಾಳೆ. ನರ್ಸಮ್ಮ ಹೇಳಿ ಕಳಿಸಿದ್ರು,” ಎಂದೂ ಸೇರಿಸಿದಳು.

“ಕುದಿಸ್ಲಿ. ಸೌದೆ ಉಳಿಸೋಕೆ ಹೋಗ್ಬೇಡಿ.” ಸೊನೆಲ್ ಬಕೆಟ್ಟು ಎತ್ತಿಕೊಂಡ. “ಇನ್ನೊಂದು ಮಾತು. ಬಕೆಟ್ಟು ಎಷ್ಟು ತುಂಬಿದೆ ಅಂತ ನಾನು ನರ್ಸಮ್ಮಂಗೆ ಹೇಳ್ಬೇಕು. ಅಜ್ಜಿ ಮೈಯಿಂದ ಎಷ್ಟು ಹೋಯ್ತೋ ಅಷ್ಟನ್ನ ಅವರು ಡ್ರಿಪ್ಪಲ್ಲಿ ವಾಪಸ್ ತುಂಬಿಸ್ತಾರೆ. ನೀನು ಚೆಲ್ಲಿಬಿಟ್ರೆ ಅವರಿಗೆ ಹೆಂಗೆ ಗೊತ್ತಾಗ್ಬೇಕು?”

ಅಷ್ಟು ಹೇಳಿ ಅವನು ಡೇರೆಗಳ ಆಚೆಯ ಆಳದ ಗುಂಡಿಯ ಕಡೆ ನಡೆದ. ತುಂಬಿದ ಬಕೆಟ್ಟನ್ನು ಹಿಡಿದ ಕೈ ಒಂದಿಷ್ಟೂ ಅಲುಗಲಿಲ್ಲ.

ರಾಜಧಾನಿ ಪೋರ್ಟೊಪ್ರಿನ್ಸ್ ಪಟ್ಟಣದಲ್ಲಿ ಭೂಕಂಪವಾದ ವರ್ಷವೇ, ಮಳೆಗಾಲದ ಕೊನೆಗೆ, ತೀಕನಾಲ್ ಊರಿಗೆ ಕಾಲರಾ ಬಂತು. ಆ ಹೆಸರನ್ನು ಇಡೀ ಹೈಟಿಯಲ್ಲಿ ಹಣ್ಣು ಹಣ್ಣು ಮುದುಕಿಯರೂ ಕೇಳಿರಲಿಲ್ಲ. ಬೆಳಿಗ್ಗೆ ಗದ್ದೆಯಲ್ಲಿ ಕಳೆ ಕೀಳುತ್ತಿದ್ದವರು ಸಂಜೆಗೆ ಎದ್ದು ಕೂರಲಾರದೆ ಮಲಗುತ್ತಿದ್ದರು. ವಾಂತಿ, ಭೇದಿ, ಮತ್ತೆ ಭೇದಿ. ಶಾಲೆ ಮುಚ್ಚಿತು. ಶಾಲೆಯ ಆಟದ ಬಯಲಿನಲ್ಲಿ ಬಿಳಿ ಡೇರೆಗಳು ಎದ್ದವು. ಇಸ್ಮಾನಿ ಮತ್ತು ಅವಳ ಗೆಳತಿ ಫಬಿಯೋಲ ಗೋಲು ಹೊಡೆಯುತ್ತಿದ್ದ ಕಂಬಗಳಿಗೆ ಈಗ ಡೇರೆಯವರು ಹಗ್ಗ ಕಟ್ಟಿ, ತೊಳೆದ ಪ್ಲಾಸ್ಟಿಕ್ ಹಾಳೆಗಳನ್ನು ಒಣಹಾಕುತ್ತಿದ್ದರು.

ಡೇರೆಗಳಿಗೆ ಡಾಕ್ಟರು, ನರ್ಸು ಪಟ್ಟಣದಿಂದ ಬಂದರು. ಕ್ಲೀನಿಂಗ್ ಕೆಲಸಕ್ಕೆ ಮಾತ್ರ ಊರಿನ ಜನ ಬೇಕು ಎಂದರು. ಎಲ್ಲರೂ ಹಿಂದೆ ಸರಿದಾಗ ಮುಂದೆ ಬಂದವನು ಸೊನೆಲ್. ಅದುವರೆಗೆ ಅವನು ಕಾಲುವೆಯ ಹೂಳೆತ್ತುತ್ತಿದ್ದ. ಕೆಲಸ ಕಲಿತ ದಿನವೇ ಹೆಂಡತಿಯನ್ನೂ ಮಗಳನ್ನೂ ನದಿಯಾಚೆಯ ಅತ್ತೆ ಮನೆಗೆ ಕಳಿಸಿಕೊಟ್ಟ.

ಆಮೇಲೆ ಊರಿನಲ್ಲಿ ಅವನಿಗೆ ‘ಬಕೆಟ್ ಸೊನೆಲ್’ ಎಂದು ಹೆಸರು ಬಿತ್ತು. ಅವನು ಬೀದಿಯಲ್ಲಿ ಬಂದರೆ ಹೆಂಗಸರು ಮಕ್ಕಳನ್ನು ಒಳಗೆ ಎಳೆದುಕೊಳ್ಳುತ್ತಿದ್ದರು. ಫಬಿಯೋಲ ಒಂದು ಆಟವನ್ನೇ ಕಂಡುಹಿಡಿದಿದ್ದಳು. ಅವನು ದಾಟಿ ಹೋಗುವವರೆಗೆ ಉಸಿರು ಬಿಗಿಹಿಡಿಯಬೇಕು. ಮೊದಲು ಉಸಿರು ಬಿಟ್ಟವರಿಗೆ ಕಾಲರಾ! ಇಸ್ಮಾನಿಯೇ ಹೆಚ್ಚು ಸಲ ಗೆಲ್ಲುತ್ತಿದ್ದಳು.

ಒಂದು ದಿನ ಅವನು ಅವರ ಮನೆಯ ಬೇಲಿಯ ಹತ್ತಿರವೂ ಬಂದ.

ತೀಕನಾಲಿನಲ್ಲಿ ಯಾರೂ ಬೇರೆಯವರ ಅಂಗಳಕ್ಕೆ ನೇರವಾಗಿ ಕಾಲಿಡುವುದಿಲ್ಲ. ಬೇಲಿಯ ಹೊರಗೆ ನಿಂತು “ಮಾನ!” ಎಂದು ಕೂಗಬೇಕು. ಒಳಗಿದ್ದವರು “ಮರ್ಯಾದೆ!” ಎಂದು ಉತ್ತರ ಕೊಟ್ಟ ಮೇಲೆಯೇ ಒಳಗೆ ಬರುವುದು. ಜಗಳವಾಡಲು ಬಂದವರಿಗೂ ಆ ಉತ್ತರ ಸಿಗುತ್ತದೆ. ಮರ್ಯಾದೆ ಎಂದ ಮೇಲೆ ಬೇಕಾದರೆ ಜಗಳ.

“ಮಾನ!” ಎಂದು ಸೊನೆಲ್ ಕೂಗಿದ.

ಅಜ್ಜಿ ಕಾಳು ಬಿಡಿಸುತ್ತಿದ್ದಳು. ಬಿಡಿಸುತ್ತಲೇ ಇದ್ದಳು. ಇಸ್ಮಾನಿ ಬಾಯಿ ತೆರೆದಾಗ ಅಜ್ಜಿ ಒಂದು ನೋಟ ನೋಡಿದಳು. ಬಾಯಿ ಮುಚ್ಚಿತು. ಸೊನೆಲ್ ಇನ್ನೊಮ್ಮೆ ಕೂಗಿದ. ಬೇಲಿಯಾಚೆ ತುಂಬ ಹೊತ್ತು ನಿಂತ. ಆಮೇಲೆ ಹೊರಟುಹೋದ.

ಅದಾದ ಮುಂದಿನ ವಾರವೇ ಅಜ್ಜಿ ಕುಸಿದು ಬಿದ್ದಳು. ನೆರೆಯವರು ಮನೆಯ ಬಾಗಿಲನ್ನೇ ಕಿತ್ತು, ಅದರ ಮೇಲೆ ಮಲಗಿಸಿ ಬಯಲಿಗೆ ಹೊತ್ತು ತಂದರು. ಅಪ್ಪ ಗಡಿಯಾಚೆ ಕಬ್ಬು ಕಡಿಯಲು ಹೋಗಿದ್ದ. ಅವ್ವನ ತೋಳಲ್ಲಿ ಕೂಸು. “ದೊಡ್ಡೋರು ಯಾರೂ ಇಲ್ವಾ?” ಎಂದು ನರ್ಸ್ ಮಾರ್ಲೀನ್ ಗೊಣಗಿದಳು. ಇರಲಿಲ್ಲ. ಇಸ್ಮಾನಿಯೇ ಅಜ್ಜಿಯ ಜೊತೆ ಉಳಿದಳು.

ಡೇರೆಯೊಳಗಿನ ಒಂದೊಂದು ಮಂಚದ ನಟ್ಟನಡುವೆಯೂ ಒಂದು ತೂತು. ತೂತಿನ ಕೆಳಗೆ ಒಂದು ಬಕೆಟ್ಟು. ಎದ್ದು ಹೋಗಲು ಕಾಲಿನಲ್ಲಿ ಕಸುವಿಲ್ಲದವರಿಗೆ ಅದೇ ಗತಿ. ಇಸ್ತ್ರಿ ಮಾಡದ ಬಟ್ಟೆ ಉಟ್ಟು ಎಂದೂ ಸಂತೆಗೆ ಹೋಗದ ಅಜ್ಜಿ ಅಂಥ ಮಂಚದ ಮೇಲೆ, ಮೊಣಕೈಗೆ ಡ್ರಿಪ್ಪಿನ ಸೂಜಿ ಚುಚ್ಚಿಸಿಕೊಂಡು, ಮುಖವನ್ನು ಡೇರೆಯ ಬಟ್ಟೆಯ ಕಡೆಗೆ ತಿರುಗಿಸಿ ಮಲಗಿದ್ದಳು.

“ಚೆಲ್ಲಿದೆಯಾ?” ಎಂದು, ಬರಿಗೈಯಲ್ಲಿ ಹಿಂತಿರುಗಿದ ಇಸ್ಮಾನಿಗೆ ಪಿಸುಗುಟ್ಟಿದಳು.

“ಇಲ್ಲ ಅಜ್ಜಿ. ಸೊನೆಲ್ ಮಾಮ ತಗೊಂಡು ಹೋದ್ರು.”

ಅಜ್ಜಿ ಕಣ್ಣು ಮುಚ್ಚಿಕೊಂಡಳು. “ಅವನ ಕೈಯಲ್ಲಿ ನನ್ನ ಹೇಸಿಗೆ ಎತ್ತಿಸ್ಕೊಳ್ಳೋ ಹಾಗಾಯ್ತಲ್ಲ. ನನ್ನ ಮನೆಗೆ ಕರ್ಕೊಂಡು ಹೋಗು ಮಗಾ. ಸತ್ರೆ ಅಲ್ಲೇ ಸಾಯ್ತೀನಿ.”

“ಸುಮ್ನಿರಿ ಅಜ್ಜಿ,” ಎಂದಳು ಇಸ್ಮಾನಿ.

ಡೇರೆಯ ಬಾಯಲ್ಲಿ ಬೂಟಿನ ಸದ್ದಾಯಿತು. ಸೊನೆಲ್ ಮೊದಲ ಮಂಚದ ಹತ್ತಿರ ನಿಂತ.

“ಮಾನ!”

“ಮರ್ಯಾದೆ,” ಎಂದಿತು ಹೆಂಗಸೊಬ್ಬಳ ಸಣ್ಣ ದನಿ. ಆಮೇಲೆಯೇ ಅವನು ಬಗ್ಗಿ, ಬಕೆಟ್ಟಿಗೆ ಮುಚ್ಚಳ ಹಾಕಿ, ಹೊರಗೆ ತೆಗೆದ. ಬೇರೆ ಬಕೆಟ್ಟಿಗೆ ಕಪ್ಪು ಡ್ರಮ್ಮಿನ ಗಟ್ಟಿ ಕ್ಲೋರಿನ್ ನೀರು ಒಂದು ಲೋಟ ಹಾಕಿ ಕೆಳಗಿಟ್ಟ. ಮುಂದಿನ ಮಂಚ.

“ಮಾನ, ಒರೆಸ್ತ್ ತಾತ!”

“ಮರ್ಯಾದೆ ಕಣಪ್ಪಾ, ಮರ್ಯಾದೆ! ಒಳಗೆ ಬಾ. ನನ್ನ ಮನೆಗೆ ಬಾಗಿಲಿಲ್ಲ, ತಳದಲ್ಲಿ ಒಂದು ತೂತು ಮಾತ್ರ ಇದೆ!”

ಡೇರೆಯಲ್ಲಿ ಅಲ್ಲಲ್ಲಿ ನಿತ್ರಾಣದ ನಗು ಕೇಳಿಸಿತು. ಇಸ್ಮಾನಿಗೂ ನಗು ಬಂತು. ಆಮೇಲೆ ಆಶ್ಚರ್ಯವಾಯಿತು. ಅವನು ಒಂದೊಂದು ಮಂಚದ ಮುಂದೆಯೂ ಬೇಲಿಯ ಮುಂದೆ ನಿಂತ ಹಾಗೆಯೇ ನಿಲ್ಲುತ್ತಿದ್ದ. ಉತ್ತರ ಬರುವವರೆಗೆ ಬಗ್ಗುತ್ತಿರಲಿಲ್ಲ.

ಈಗ ಅವನು ಅಜ್ಜಿಯ ಮಂಚದ ಹತ್ತಿರ ಬಂದ.

“ಮಾನ, ಮದಾಂ ಸೆಲಿಯಾನ್.”

ಅಜ್ಜಿ ಮುಖವನ್ನು ಇನ್ನಷ್ಟು ಆ ಕಡೆಗೆ ತಿರುಗಿಸಿದಳು.

ಸೊನೆಲ್ ಕಾದ. ಅವನು ಬೇಲಿಯಾಚೆ ನಿಂತಿದ್ದ ಆ ದಿನ ಇಸ್ಮಾನಿಗೆ ನೆನಪಾಯಿತು. ಅಜ್ಜಿ ಬೈದಾಳೆಂಬ ಹೆದರಿಕೆ ಒಂದು ಕಡೆ, ಅವನು ಹಾಗೆ ನಿಂತಿರುವುದನ್ನು ನೋಡಲಾಗದ ಸಂಕಟ ಇನ್ನೊಂದು ಕಡೆ.

“ಮರ್ಯಾದೆ,” ಎಂದಳು ಇಸ್ಮಾನಿ.

ಅವನು ಅವಳತ್ತ ನೋಡಿ ತಲೆಯಾಡಿಸಿ, ಬಗ್ಗಿದ.

ಅಂದಿನಿಂದ ಆ ಮಂಚದ ಮರ್ಯಾದೆ ಇಸ್ಮಾನಿಯ ಪಾಲಿಗೆ ಬಂತು. ಬಿಡುವಿನಲ್ಲಿ ಅವಳು ಡೇರೆಯ ಬಾಗಿಲಲ್ಲಿ ಕೂತು ಅವನ ಕೆಲಸ ನೋಡುತ್ತಿದ್ದಳು. ಡೇರೆ ಒರೆಸುವಾಗ ಅವನು ಚೊಕ್ಕಟವಾದ ಕಡೆಯಿಂದ ಶುರುಮಾಡಿ ಗಲೀಜಿನ ಕಡೆಗೆ ಹೋಗುತ್ತಿದ್ದ. ಮತ್ತೆ ಬಂದ ದಾರಿಯಲ್ಲಿ ಕಾಲಿಡುತ್ತಿರಲಿಲ್ಲ. ಕೈಗೆ ಬಿಳಿ ಡ್ರಮ್ಮಿನ ನೀರು, ನೆಲಕ್ಕೆ ನೀಲಿ ಡ್ರಮ್ಮಿನದು, ಬಕೆಟ್ಟಿಗೆ ಕಪ್ಪಿನದು. ಅವಸರದಲ್ಲೂ ಒಂದನ್ನೊಂದಕ್ಕೆ ಬೆರೆಸುತ್ತಿರಲಿಲ್ಲ. ಯಾರಾದರೂ ವಾಂತಿ ಮಾಡಿಕೊಂಡು “ತಪ್ಪಾಯ್ತು” ಎಂದು ಅತ್ತರೆ, “ಏನು ತಪ್ಪಾಯ್ತು? ನನಗೆ ಕೆಲಸ ಬೇಡ್ವಾ?” ಎನ್ನುತ್ತಿದ್ದ.

“ಲೇ ಸೊನೆಲ್, ಇಷ್ಟು ಚೊಕ್ಕ ಮಾಡ್ಬೇಡ ಕಣೋ,” ಎಂದು ಒರೆಸ್ತ್ ತಾತ ಮಂಚದಿಂದಲೇ ಕೂಗುತ್ತಿದ್ದ. “ಮನೆಗೆ ಹೋದ್ಮೇಲೆ ನನ್ನ ಹೆಂಡ್ತಿ ಗುಡಿಸಿದ್ದು ನಂಗೆ ಹಿಡಿಸೋದಿಲ್ಲ!”

ಒಂದು ಮಧ್ಯಾಹ್ನ ಹೊಸ ರೋಗಿಗಳು ಬರುತ್ತಲೇ ಇದ್ದರು. ಮಾರ್ಲೀನ್ ಪಕ್ಕದ ಡೇರೆಯಲ್ಲಿ ಸಿಕ್ಕಿಹಾಕಿಕೊಂಡಿದ್ದಳು. ಡೇರೆಯೊಳಗೆ ಕಾದ ಕಾವಲಿಯಂಥ ಸೆಖೆ. ಅಜ್ಜಿ ನರಳುವುದನ್ನು ನಿಲ್ಲಿಸಿದ್ದಳು. ಸದ್ಯ, ನಿದ್ದೆ ಬಂತಲ್ಲ ಎಂದು ಇಸ್ಮಾನಿ ರಟ್ಟಿನ ಚೂರಿನಿಂದ ಗಾಳಿ ಹಾಕುತ್ತಿದ್ದಳು.

“ಮಾನ, ಮದಾಂ ಸೆಲಿಯಾನ್.”

“ಮರ್ಯಾದೆ,” ಎಂದಳು ಇಸ್ಮಾನಿ.

ಸೊನೆಲ್ ಬಗ್ಗಲಿಲ್ಲ.

“ಮಾನ!” ಎಂದ ಮತ್ತೆ, ಜೋರಾಗಿ.

“ಮಲಗಿದ್ದಾರೆ ಮಾಮ. ಈಗ ತಾನೆ ನಿದ್ದೆ ಹತ್ತಿತು.”

“ಮುಖ ತಿರುಗಿಸ್ಲಿಲ್ಲ,” ಎಂದ ಅವನು.

“ಏನು?”

“ದಿನಾ ನನ್ನ ದನಿ ಕೇಳಿದ್ರೆ ಆ ಕಡೆ ತಿರುಗ್ತಾರೆ. ನಿನ್ನೆ ನಿದ್ದೆಗಣ್ಣಲ್ಲೂ ತಿರುಗಿದ್ರು. ಇವತ್ತು ತಿರುಗ್ಲಿಲ್ಲ.” ಅವನ ಕಣ್ಣು ಅಜ್ಜಿಯ ತೋಳಿನ ಮೇಲೆ ಇಳಿಯಿತು. ತೋಳಿನ ಕೆಳಗೆ ಮಂಚದ ಬಟ್ಟೆ ಒದ್ದೆಯಾಗಿತ್ತು. ಸೂಜಿ ಜಾರಿತ್ತು. ಡ್ರಿಪ್ಪಿನ ನೀರು ಅಜ್ಜಿಯ ಮೈಯೊಳಗೆ ಹೋಗದೆ ಬಟ್ಟೆಗೆ ತೊಟ್ಟಿಕ್ಕುತ್ತಿತ್ತು.

“ಮಾರ್ಲೀನ್!” ಸೊನೆಲ್ ಕೂಗಿದ್ದು ಬಯಲಿಗೆಲ್ಲ ಕೇಳಿಸಿತು. “ಮಾರ್ಲೀನ್, ಓಡಿ ಬಾ!”

ನರ್ಸ್ ಓಡಿ ಬಂದಳು. ಅಜ್ಜಿಯ ಕೆನ್ನೆ ತಟ್ಟಿದಳು, ಮಣಿಕಟ್ಟು ಒತ್ತಿ ನೋಡಿದಳು. “ನರಾನೇ ಸಿಗ್ತಿಲ್ಲ,” ಎಂದಳು ಹಲ್ಲು ಕಚ್ಚಿ. “ಮಗೂನ ಆಚೆ ಕರ್ಕೊಂಡು ಹೋಗಿ.”

ಇಸ್ಮಾನಿ ಡ್ರಮ್ಮುಗಳ ಹತ್ತಿರ ನಿಂತು ಅಳುತ್ತಿದ್ದಳು. ಸೊನೆಲ್ ಅವಳ ಪಕ್ಕದಲ್ಲಿ ಬಕೆಟ್ಟು ತೊಳೆಯತೊಡಗಿದ.

“ಆ ಬಿಳಿ ಡ್ರಮ್ಮಿಗೆ ಮುಚ್ಚಳ ಹಾಕು,” ಎಂದ ಕೊನೆಗೆ. “ಬಿಸಿಲಿಗೆ ನೀರಿನ ಕಸುವು ಹೋಗ್ತದೆ.”

ಇಸ್ಮಾನಿ ಮುಚ್ಚಳ ಹಾಕಿದಳು. ಅದನ್ನು ಒತ್ತಿ ಹಿಡಿದೇ ನಿಂತಳು.

“ಮಾಮ, ಅವತ್ತು ನಮ್ಮ ಬೇಲಿ ಹತ್ರ ಯಾಕೆ ಬಂದಿದ್ರಿ?”

ಸೊನೆಲ್ ಬಕೆಟ್ಟನ್ನು ಬೋರಲು ಹಾಕಿದ. “ಕಾಲುವೆ ನೀರು ಹಂಗೇ ಕುಡೀಬೇಡಿ ಅಂತ ಹೇಳೋಕೆ. ನಿಮ್ಮನೇಲಿ ಕೂಸಿದೆಯಲ್ಲ.”

ಡೇರೆಯೊಳಗಿಂದ ಮಾರ್ಲೀನಳ ದನಿ ಕೇಳಿಸುತ್ತಿತ್ತು. ಏನು ಹೇಳುತ್ತಿದ್ದಾಳೆಂದು ತಿಳಿಯುತ್ತಿರಲಿಲ್ಲ. ಇಸ್ಮಾನಿ ಮುಚ್ಚಳವನ್ನು ಇನ್ನೂ ಗಟ್ಟಿಯಾಗಿ ಒತ್ತಿದಳು. ಅವತ್ತು ಬೇಲಿಯ ಒಳಗೆ ಕೊಡದೆ ನುಂಗಿಕೊಂಡ ಉತ್ತರ ಅವಳಿಗೆ ನೆನಪಾಯಿತು.

“ಸಿಕ್ತು!” ಎಂದು ಮಾರ್ಲೀನ್ ಕೂಗಿದಳು. “ಸೊನೆಲ್, ನರ ಸಿಕ್ತು! ನೀರು ಹೋಗ್ತಿದೆ!”

ಸೊನೆಲ್ ಗ್ಲೌಸು ಬಿಚ್ಚಿ, ಕೈ ತೊಳೆದು, ಬೂಟಿನ ಕಾಲನ್ನು ಅಗಲಿಸಿ ಹುಲ್ಲಿನ ಮೇಲೆ ಕುಕ್ಕರಿಸಿ ಕೂತ. ಆಗ ಇಸ್ಮಾನಿ ಅವನ ಬರಿಗೈ ನೋಡಿದಳು. ಬೆರಳ ತುದಿಗಳು ಬೆಳ್ಳಗೆ ಬಿರಿದಿದ್ದವು. ಗೆಣ್ಣುಗಳ ಮೇಲೆ ಚರ್ಮವೇ ಇರಲಿಲ್ಲ.

ಸಂಜೆ ಅವನು ಮತ್ತೆ ಬಕೆಟ್ಟುಗಳಿಗೆ ಬಂದಾಗ ಅಜ್ಜಿಯ ಎರಡು ತೋಳಿಗೂ ಡ್ರಿಪ್ಪಿತ್ತು. ಕಣ್ಣುಗಳು ತೆರೆದಿದ್ದವು.

“ಮಾನ, ಮದಾಂ ಸೆಲಿಯಾನ್.”

ಇಸ್ಮಾನಿ ಬಾಯಿ ತೆರೆದಳು. ಆದರೆ ಅಜ್ಜಿಯ ಬೆರಳು ಅವಳ ಮಣಿಕಟ್ಟನ್ನು ಮುಟ್ಟಿತು. ಅಜ್ಜಿ ಒಣತುಟಿಯನ್ನು ಒದ್ದೆ ಮಾಡಿಕೊಂಡಳು. ತುಂಬ ಹೊತ್ತು ಹಿಡಿಯಿತು. ಸೊನೆಲ್ ಕಾದ.

“ಮರ್ಯಾದೆ,” ಎಂದಳು ಅಜ್ಜಿ. “ಮರ್ಯಾದೆ, ನನ್ನಪ್ಪಾ.”

“ಓಹೋ!” ಎಂದ ಒರೆಸ್ತ್ ತಾತ. “ಮಹಾರಾಣಿ ಬಾಯಿ ಬಿಟ್ರು! ಇನ್ನು ಸಾಯೋ ಮಾತಿಲ್ಲ ಬಿಡಿ, ಊರಿಗೆಲ್ಲ ಬೈಯೋಕೆ ಶುರು ಮಾಡ್ತಾರೆ.”

“ಮೊದಲು ನಿನಗೇ ಬೈಯೋದು, ಮುದಿಯಾ,” ಎಂದಳು ಅಜ್ಜಿ. ಅಷ್ಟಕ್ಕೇ ಆಯಾಸವಾಗಿ ಕಣ್ಣು ಮುಚ್ಚಿದಳು.

ಅಜ್ಜಿ ಮನೆಗೆ ಬಂದಳು. ಸ್ವಲ್ಪ ದಿನ ಕೋಲು ಹಿಡಿದು ಅಂಗಳದಲ್ಲಿ ನಡೆದಳು. ಒಂದು ಭಾನುವಾರ ಬೆಳಿಗ್ಗೆ ಎದ್ದವಳೇ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಕಾಯಿಸಿ, ತನ್ನ ನೀಲಿ ಬಟ್ಟೆಯನ್ನು ಗೆರೆ ಕೂರಿಸಿ ಉಜ್ಜಿದಳು. ಮೆಕ್ಕೆಜೋಳದ ನುಚ್ಚು ಬೇಯಿಸಿ, ಮೇಲೆ ಕಾಳಿನ ಸಾರು ಸುರಿದು, ಬೆಣ್ಣೆಹಣ್ಣು ಹೋಳು ಮಾಡಿಟ್ಟು, ತಟ್ಟೆಗೆ ಬಟ್ಟೆ ಮುಚ್ಚಿದಳು.

“ಹಿಡ್ಕೋ. ನಡಿ,” ಎಂದಳು ಇಸ್ಮಾನಿಗೆ.

ಬೀದಿಯ ಜನ ನೋಡುತ್ತಿದ್ದರು. ಅಜ್ಜಿ ಯಾರ ಕಡೆಗೂ ನೋಡದೆ ಕೋಲೂರುತ್ತ ಸೊನೆಲನ ಬೇಲಿಯವರೆಗೆ ನಡೆದಳು. ಅಲ್ಲಿ ನಿಂತು ಉಸಿರು ಸರಿಮಾಡಿಕೊಂಡು ಕೂಗಿದಳು. ಒಳಗಿಂದ ಉತ್ತರ ಬಂತು. ಆಮೇಲೆ ಸೊನೆಲ್ ಬಾಗಿಲಿಗೆ ಬಂದು, ಯಾರೆಂದು ನೋಡಿ, ಅಂಗಿಯ ಗುಂಡಿ ಹಾಕಿಕೊಳ್ಳತೊಡಗಿದ.

“ಮದಾಂ, ನೀವು ಇಲ್ಲಿಗೆ ಬರ್ಬಾರ್ದಿತ್ತು. ಜನ ನೋಡ್ತಾರೆ.”

“ನೋಡ್ಲಿ. ದೇವರು ಕಣ್ಣು ಕೊಟ್ಟಿರೋದು ಯಾಕೆ ಮತ್ತೆ? ಕೂತು ಊಟ ಮಾಡು. ಆರಿ ಹೋಗ್ತದೆ.”

ಮಾವಿನ ಮರದ ನೆರಳಲ್ಲಿ ಅವನು ಕುರ್ಚಿ ಹಾಕಿಕೊಂಡು ಕೂತ. ಅಜ್ಜಿಗೆ ಇನ್ನೊಂದು ಕುರ್ಚಿ. ಊಟ ಮಾಡುತ್ತ ಅವನು ನದಿಯಾಚೆಯ ಮಗಳ ವಿಷಯ ಹೇಳಿದ. ಅವಳಿಗೆ ಮೊನ್ನೆ ಒಂದು ಹಲ್ಲು ಬಿದ್ದಿತ್ತಂತೆ. ಅದನ್ನು ಅಪ್ಪನಿಗೆ ತೋರಿಸಬೇಕೆಂದು ಕಾಗದದಲ್ಲಿ ಸುತ್ತಿ ಇಟ್ಟುಕೊಂಡಿದ್ದಾಳಂತೆ. “ನಾನು ಹೋದ್ಮೇಲೆ ಅದನ್ನ...” ಎಂದ. ಮುಂದಿನ ಮಾತು ಬರಲಿಲ್ಲ.

ಇಸ್ಮಾನಿ ತಿರುಗಿ ನೋಡಿದಳು. ಅವನ ತಲೆ ಮರದ ಕಾಂಡಕ್ಕೆ ಒರಗಿತ್ತು. ಬಾಯಿ ಅರ್ಧ ತೆರೆದಿತ್ತು. ಕೈಯಲ್ಲಿ ಚಮಚ ಹಾಗೇ ಇತ್ತು.

ಅಜ್ಜಿ ಎದ್ದು, ಅವನ ತೊಡೆಯ ಮೇಲಿನ ತಟ್ಟೆಯನ್ನು ಸದ್ದಾಗದಂತೆ ತೆಗೆದಳು. ಚಮಚವನ್ನು ಬೆರಳುಗಳಿಂದ ಮೆಲ್ಲಗೆ ಬಿಡಿಸಿದಳು. ಆಮೇಲೆ ಮನೆಗೆ ಹೋಗುವ ಅವಸರವೇ ಇಲ್ಲದವಳಂತೆ ಮತ್ತೆ ಕುರ್ಚಿಯಲ್ಲಿ ಕೂತಳು.

ತಟ್ಟೆಯ ವಾಸನೆಗೆ ಪಕ್ಕದ ಮನೆಯ ಮೇಕೆ ಬೇಲಿ ನುಸುಳಿ ಬಂತು. ಇಸ್ಮಾನಿ ಅದನ್ನು ಗದರದೆ, ಕೊಂಬು ಹಿಡಿದು ಆಚೆ ನೂಕಿದಳು.

“ಇಸ್ಮಾನಿ!” ಬೀದಿಯಿಂದ ಫಬಿಯೋಲ ಕಿರುಚಿದಳು. “ಅಲ್ಲೇನೇ ಮಾಡ್ತಿದೀಯ? ಬಾರೇ, ಬಾಲ್ ಸಿಕ್ಕಿದೆ!”

ಇಸ್ಮಾನಿ ತುಟಿಯ ಮೇಲೆ ಬೆರಳಿಟ್ಟಳು. ಫಬಿಯೋಲ ಬೇಲಿಯ ಹತ್ತಿರ ಬಂದು ಕುರ್ಚಿಯ ಕಡೆ ನೋಡಿದಳು. “ಏನಾಯ್ತು ಅವರಿಗೆ?”

“ಏನಿಲ್ಲ. ನಿದ್ದೆ ಮಾಡ್ತಿದ್ದಾರೆ.”

“ನೀನು ಬರಲ್ವಾ?”

“ಆಮೇಲೆ.”

ಬಿಸಿಲು ಏರುತ್ತಿತ್ತು. ಎಲೆಗಳ ನೆರಳು ನಿಧಾನವಾಗಿ ಸರಿದು, ಒಂದು ತುಂಡು ಬಿಸಿಲು ಸೊನೆಲನ ಭುಜದ ಮೇಲಿಂದ ಕತ್ತಿಗೆ, ಕತ್ತಿನಿಂದ ಗಲ್ಲಕ್ಕೆ ಹತ್ತಿತು. ನಿದ್ದೆಯಲ್ಲೇ ಅವನ ಹುಬ್ಬು ಗಂಟಾಯಿತು.

ಇಸ್ಮಾನಿ ಎದ್ದುಹೋಗಿ, ಬಿಸಿಲು ಬರುವ ಕಡೆಗೆ ಬೆನ್ನು ಮಾಡಿ ನಿಂತಳು. ಅವಳ ನೆರಳು ಅವನ ಮುಖದ ಮೇಲೆ ಬಿತ್ತು. ಹುಬ್ಬು ಸಡಿಲವಾಯಿತು. ಬಿಸಿಲು ಸರಿದ ಹಾಗೆಲ್ಲ ಅವಳೂ ಒಂದಿಷ್ಟು ಸರಿಯುತ್ತ, ಅಲ್ಲೇ ನಿಂತುಕೊಂಡಳು.